ಹೆಡ್‌ಸೆಟ್‌ಗೆ ವಿಡಿಯೊ: ದೊಡ್ಡ ಸಂಖ್ಯೆ ಆರಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಕಣ್ಣಿಗೆ ಕಟ್ಟಿಕೊಂಡು ನೋಡುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ಗೆ ವಿಡಿಯೊ ಸಿದ್ಧಪಡಿಸುವ ಬಗ್ಗೆ ಒಂದು ಬರಹ ಓದಿದೆ. ಈ ವಿಷಯ ಕನ್ನಡದಲ್ಲಿ ಬಂದದ್ದೇ ನನಗೆ ಖುಷಿ. ಆದರೆ ಒಂದು ಮಾತು ಮನಸ್ಸಿಗೆ ಚುಚ್ಚಿತು. ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಎಡಿಟ್ ಮಾಡಿದ ವಿಡಿಯೊವನ್ನು ಫೈಲಾಗಿ ಹೊರಗೆ ತೆಗೆಯುವಾಗ, ಪಟ್ಟಿಯಲ್ಲಿರುವ ಅತಿ ದೊಡ್ಡ ರೆಸಲ್ಯೂಷನ್ ಆರಿಸಿದರೆ ಸಾಕು, ಮಿಕ್ಕಿದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂದು ಅಲ್ಲಿ ಬರೆದಿತ್ತು. ಇದೇ ಮಾತನ್ನು ಬೇರೆ ಕಡೆ ಕೇಳಿ, ನಂಬಿ, ನಾನು ಎರಡು ತಿಂಗಳು ಕಳೆದಿದ್ದೇನೆ. ಇನ್ನೊಬ್ಬರು ಅಷ್ಟು ದಿನ ಕಳೆಯುವುದು ಬೇಡ ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಹಾಕಿ.

ನಾನು ಲೇತ್ ಕಲಿಸುವ ಶಿಕ್ಷಕಿ. ಲೋಹವನ್ನು ತಿರುಗಿಸುತ್ತಾ ಕತ್ತರಿಸುವ ಮಷಿನ್ ಅದು. ವರ್ಕ್‌ಶಾಪ್‌ನಲ್ಲಿ ಒಂದು ಮಷಿನ್ ಸುತ್ತ ಇಪ್ಪತ್ತು ಮಂದಿ ನಿಲ್ಲುತ್ತಾರೆ. ಮುಂದಿನ ನಾಲ್ಕು ಜನಕ್ಕೆ ಮಾತ್ರ ಅಳತೆ ತೋರಿಸುವ ಡಯಲ್ ಕಾಣುತ್ತದೆ. ಹಿಂದಿನವರಿಗೆ ಕಾಣುವುದು ಮುಂದಿನವರ ಭುಜ. ವರ್ಷಗಟ್ಟಲೆ ಹೀಗೇ ಕಲಿಸಿದ್ದೇನೆ. ಹಿಂದಿನ ಸಾಲಿನ ಮಕ್ಕಳು ಮಷಿನ್ ಮುಟ್ಟುವ ದಿನ ತಡಕಾಡುವುದನ್ನೂ ವರ್ಷಗಟ್ಟಲೆ ನೋಡಿದ್ದೇನೆ. ನಾನು ನಿಂತ ಜಾಗದಲ್ಲಿ, ನನ್ನ ಕಣ್ಣಿನ ಎತ್ತರದಲ್ಲಿ ಪ್ರತಿಯೊಬ್ಬರೂ ನಿಂತು ನೋಡುವ ಹಾಗಾದರೆ ಎಷ್ಟು ಚೆನ್ನ ಅನ್ನಿಸಿತು. ಹಾಗಾಗಿ ಎರಡು ಲೆನ್ಸಿನ ಕ್ಯಾಮೆರಾ ಬಂತು. ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು. ಮುಂದಿನ 180 ಡಿಗ್ರಿಯಷ್ಟನ್ನು ಅದು ಸೆರೆ ಹಿಡಿಯುತ್ತದೆ. ಇದಕ್ಕೆ ವಿಆರ್180 ಅಂತಾರೆ. 2017ರಲ್ಲಿ ಗೂಗಲ್ ಈ ಹೆಸರಿನಲ್ಲಿ ಈ ಮಾದರಿಯನ್ನು ಮುಂದಿಟ್ಟಿತು. ಸುತ್ತಲೂ ನೋಡುವ 360 ಡಿಗ್ರಿ ವಿಡಿಯೊ ನನಗೆ ಬೇಕಿರಲಿಲ್ಲ. ಲೇತ್ ಓಡುವಾಗ ಬೆನ್ನ ಹಿಂದೆ ನೋಡುವ ಅಭ್ಯಾಸ ಯಾರಿಗೂ ಆಗಬಾರದು.

ಆರು ನಿಮಿಷದ ಮೊದಲ ಪಾಠ ಚಿತ್ರಿಸಿದೆ. ಸಾಫ್ಟ್‌ವೇರ್‌ನಲ್ಲಿ 4ಕೆ ಅಂತ ಒಂದು ಸಿದ್ಧ ಪ್ರಿಸೆಟ್ ಇತ್ತು. ಅದನ್ನೇ ಒತ್ತಿದೆ. 3840×2160 ಪಿಕ್ಸೆಲ್, ಎಚ್.264 ಕೊಡೆಕ್ (ವಿಡಿಯೊವನ್ನು ಕುಗ್ಗಿಸುವ ವಿಧಾನ), ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ), 20 ಮೆಗಾಬಿಟ್ ಡೇಟಾ. ಕಂಪ್ಯೂಟರ್ ಪರದೆಯ ಮೇಲೆ ನೋಡಿದರೆ ಕನ್ನಡಿ ಥರ ಇತ್ತು. ಯಾವಾಗಲೂ ಹಿಂದಿನ ಸಾಲಿನಲ್ಲಿ ನಿಲ್ಲುವ ಹುಡುಗಿಯನ್ನು ಕರೆದು ಹೆಡ್‌ಸೆಟ್ ಹಾಕಿಸಿದೆ.

"ಮೇಡಂ, ಚಕ್ ಯಾಕೆ ಮೊಟ್ಟೆ ಥರ ಇದೆ?" ಅಂದಳು. ಚಕ್ ಅಂದರೆ ಲೋಹದ ತುಂಡನ್ನು ಹಿಡಿದು ತಿರುಗಿಸುವ ದುಂಡಗಿನ ಭಾಗ. ಸ್ವಲ್ಪ ಹೊತ್ತು ಬಿಟ್ಟು, "ಡಯಲ್ ಮೇಲೆ ಏನೂ ಬರೆದೇ ಇಲ್ಲ." ಆಮೇಲೆ, "ಮಷಿನ್ ಆಫ್ ಮಾಡಿದ್ರಾ? ಚಕ್ ನಿಂತಿದೆ."

ಮಷಿನ್ ಆಫ್ ಆಗಿರಲಿಲ್ಲ. ಆ ಗಳಿಗೆಯಲ್ಲಿ ಚಕ್ 600 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 600 ಸುತ್ತು, ತಿರುಗುತ್ತಿತ್ತು. ಆ ಮಾತು ಕೇಳಿ ನನ್ನ ಎದೆ ಧಸಕ್ ಅಂತು. ತಿರುಗುತ್ತಿರುವ ಚಕ್ಕನ್ನು ನಿಂತಿದೆ ಅಂತ ತೋರಿಸುವ ಪಾಠ ನಾನು ಯಾರಿಗೂ ಕೊಡುವ ಹಾಗಿಲ್ಲ. ಆಕೆಯ ಈ ಮೂರು ಮಾತಿಗೂ ಉತ್ತರ ಹುಡುಕುತ್ತಾ ಹೋದಾಗಲೇ ನನಗೆ ಎಕ್ಸ್‌ಪೋರ್ಟ್ ಅಂದರೆ ಏನು ಅಂತ ತಿಳಿದದ್ದು.

ಮೊಟ್ಟೆಯ ವಿಷಯ ಸುಲಭ. ವಿಆರ್180ರಲ್ಲಿ ಎರಡು ಕಣ್ಣಿನ ಎರಡು ಚೌಕ ಚಿತ್ರ ಪಕ್ಕಪಕ್ಕ ಕೂರುತ್ತವೆ. ಹಾಗಾಗಿ ಪೂರ್ತಿ ಚಿತ್ರದ ಅಗಲ ಎತ್ತರದ ಎರಡು ಪಟ್ಟು ಇರಬೇಕು. 3840 ಅಗಲಕ್ಕೆ 1920 ಎತ್ತರ. ಟಿವಿಯ 4ಕೆ ಪ್ರಿಸೆಟ್ 2160 ಎತ್ತರ ಕೇಳುತ್ತದೆ. ಮಿಕ್ಕ ಜಾಗಕ್ಕೆ ಸಾಫ್ಟ್‌ವೇರ್ ಮೇಲೆ 120, ಕೆಳಗೆ 120 ಪಿಕ್ಸೆಲ್ ಕಪ್ಪು ಪಟ್ಟಿ ಹಾಕಿತು. ಹೆಡ್‌ಸೆಟ್‌ಗೆ ಅದು ಪಟ್ಟಿ ಅಂತ ಗೊತ್ತಿಲ್ಲ. ಇಡೀ ಎತ್ತರವನ್ನು 180 ಡಿಗ್ರಿ ಅಂತ ಲೆಕ್ಕ ಹಾಕಿತು. ನನ್ನ ಚಿತ್ರ 160 ಡಿಗ್ರಿಗೆ ಅದುಮಿಕೊಂಡಿತು. ದುಂಡಗಿನ ಚಕ್ ಅಡ್ಡಡ್ಡ ಉಬ್ಬಿತು. ನೀವು ಯಾವುದೇ ವಿಡಿಯೊ ಮಾಡಿ, ಅದರಲ್ಲಿ ಒಂದು ದುಂಡಗಿನ ವಸ್ತು ಇರಲಿ. ಗೋಡೆ ಗಡಿಯಾರವಾದರೂ ಸಾಕು. ತಪ್ಪು ಅಲ್ಲೇ ಸಿಗುತ್ತದೆ. ಮೂರು ಆಯಾಮವಿಲ್ಲದ 360 ಡಿಗ್ರಿ ವಿಡಿಯೊಗೂ ಇದೇ ಎರಡಕ್ಕೆ ಒಂದರ ಅಳತೆ. ಎರಡು ಕಣ್ಣಿನ 360 ಆದರೆ ಒಂದರ ಕೆಳಗೆ ಒಂದು ಇಡುವುದರಿಂದ ಪೂರ್ತಿ ಚಿತ್ರ ಚೌಕವಾಗುತ್ತದೆ, 5760×5760 ಇದ್ದ ಹಾಗೆ.

ಡಯಲ್ ವಿಷಯ ದೊಡ್ಡದು. ನಿಮ್ಮ ಬರಹದಲ್ಲಿ ಬಿಟ್ಟುಹೋದದ್ದು ಇದೇ.

ಟಿವಿಯಲ್ಲಿ 4ಕೆ ಅಂದರೆ ಕಣ್ಣ ಮುಂದಿನ ಒಂದು ಚೌಕಟ್ಟಿನೊಳಗೆ ಅಷ್ಟೂ ಪಿಕ್ಸೆಲ್ ಇರುತ್ತವೆ. ಹೆಡ್‌ಸೆಟ್‌ನಲ್ಲಿ ಅವು ನಿಮ್ಮ ಸುತ್ತ ಹರಡಿಕೊಳ್ಳುತ್ತವೆ. 3840 ಪಿಕ್ಸೆಲ್ ಅಗಲದ 360 ಡಿಗ್ರಿ ವಿಡಿಯೊ ತೆಗೆದುಕೊಳ್ಳಿ. ಒಂದು ಸಲಕ್ಕೆ ಕಣ್ಣ ಮುಂದಿನ 90 ಡಿಗ್ರಿಯಲ್ಲಿ ಇರುವುದು ಅದರ ಕಾಲು ಭಾಗ, ಅಂದರೆ 960 ಪಿಕ್ಸೆಲ್. ಸಾಮಾನ್ಯ ಎಚ್‌ಡಿ ಟಿವಿಯ ಅಗಲ 1920. ಹಾಗಾದರೆ 4ಕೆ ಅಂದುಕೊಂಡು ನೋಡುತ್ತಿರುವುದು ಎಚ್‌ಡಿಯ ಅರ್ಧ. ಅದಕ್ಕೇ ಮಸುಕು. ಹೆಡ್‌ಸೆಟ್ ಕೆಟ್ಟಿದೆ ಅಂತ ಜನ ಸುಮ್ನೆ ಅದರ ಗಾಜು ಒರೆಸುತ್ತಾ ಕೂರುತ್ತಾರೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದು ಡಿಗ್ರಿಗೆ ಎಷ್ಟು ಪಿಕ್ಸೆಲ್ ಅಂತ. ಲೆಕ್ಕ ಬರೀ ಭಾಗಾಕಾರ. 3840 ಅಗಲದ ವಿಆರ್180 ಫೈಲಿನಲ್ಲಿ ಒಂದು ಕಣ್ಣಿಗೆ 1920 ಪಿಕ್ಸೆಲ್. ಅದನ್ನು 180ರಿಂದ ಭಾಗಿಸಿದರೆ ಡಿಗ್ರಿಗೆ ಹತ್ತೂವರೆ ಚಿಲ್ಲರೆ. 5760 ಅಗಲದ್ದಾದರೆ 16. 7680 ಅಗಲದ್ದಾದರೆ 21. ಮನುಷ್ಯನ ಒಳ್ಳೆಯ ಕಣ್ಣು ಡಿಗ್ರಿಗೆ ಸುಮಾರು 60ರಷ್ಟು ಸೂಕ್ಷ್ಮವನ್ನು ಗುರುತಿಸಬಲ್ಲದು. ಹೆಡ್‌ಸೆಟ್‌ನ ಪರದೆಗೂ ತನ್ನದೇ ಮಿತಿ ಇದೆ. 2020ರ ಕ್ವೆಸ್ಟ್ 2 ಹೆಡ್‌ಸೆಟ್‌ನಲ್ಲಿ ಒಂದು ಕಣ್ಣಿಗೆ 1832×1920 ಪಿಕ್ಸೆಲ್, ಡಿಗ್ರಿಗೆ ಸುಮಾರು 20. 2023ರ ಕ್ವೆಸ್ಟ್ 3ರಲ್ಲಿ ಕಣ್ಣಿಗೆ 2064×2208, ಡಿಗ್ರಿಗೆ ಸುಮಾರು 25. ನಿಮ್ಮ ಫೈಲು ಈ ಮಿತಿಯ ಹತ್ತಿರ ಬಂದರೆ ಸರಿ. ಅದಕ್ಕಿಂತ ಬಹಳ ಜಾಸ್ತಿ ಕೊಟ್ಟರೂ ಕಣ್ಣಿಗೆ ತಲುಪುವುದಿಲ್ಲ.

ಈಗ ಇದನ್ನು ನನ್ನ ಡಯಲ್‌ಗೆ ಹಚ್ಚುತ್ತೇನೆ. ಕತ್ತರಿಸುವ ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ನ ಡಯಲ್ ಮೇಲಿನ ಅಂಕಿ 3 ಮಿಲಿಮೀಟರ್ ಎತ್ತರ. ಕ್ಯಾಮೆರಾ 60 ಸೆಂಟಿಮೀಟರ್ ದೂರ. ಅಷ್ಟು ದೂರದಿಂದ ಆ ಅಂಕಿ ಕಣ್ಣಿಗೆ 0.29 ಡಿಗ್ರಿಯಷ್ಟು ಕಾಣುತ್ತದೆ. ನನ್ನ ಮೊದಲ ಫೈಲಿನಲ್ಲಿ ಅದಕ್ಕೆ ಸಿಕ್ಕಿದ್ದು 3 ಪಿಕ್ಸೆಲ್. ಎಲ್‌ಇಡಿ ಚುಕ್ಕಿ ಬೋರ್ಡ್‌ಗಳಲ್ಲಿ ಒಂದು ಅಂಕಿ ಬರೆಯಲು ಎತ್ತರಕ್ಕೆ ಏಳು ಚುಕ್ಕಿ ಇಡುತ್ತಾರೆ. ಮೂರರಲ್ಲಿ 3 ಯಾವುದು, 8 ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ. ಗೆರೆಗಳ ಪಾಡು ಇನ್ನೂ ಕಷ್ಟ. ಗೆರೆಯಿಂದ ಗೆರೆಗೆ 1 ಮಿಲಿಮೀಟರ್ ಅಂತರ. ಡಿಗ್ರಿಗೆ 16 ಪಿಕ್ಸೆಲ್ ಇದ್ದರೂ ಒಂದು ಅಂತರಕ್ಕೆ ಬರುವುದು ಒಂದೂವರೆ ಪಿಕ್ಸೆಲ್. ಗೆರೆಗೆ ಒಂದು, ನಡುವಿನ ಖಾಲಿ ಜಾಗಕ್ಕೆ ಒಂದು, ಹೀಗೆ ಎರಡಾದರೂ ಬೇಕಲ್ವಾ? ಆ ಹುಡುಗಿ ಏನೂ ಬರೆದಿಲ್ಲ ಅಂದದ್ದು ನಿಜ. ಅವಳ ಕಣ್ಣಿಗೆ ಹೋದ ಚಿತ್ರದಲ್ಲಿ ಏನೂ ಬರೆದಿರಲಿಲ್ಲ.

ಇಲ್ಲಿ ನಾನು ಆ ದೊಡ್ಡ ಸಂಖ್ಯೆಯ ಮಾತು ನಂಬಿದೆ. ನನ್ನ ಕ್ಯಾಮೆರಾ ಕೊಡುವುದು 5760×2880. ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ 8192×4096 ಇತ್ತು. ಅದನ್ನೇ ಆರಿಸಿದೆ. ರಾತ್ರಿಯಿಡೀ ಕಂಪ್ಯೂಟರ್ ಓಡಿತು. ಬೆಳಿಗ್ಗೆ ಹೆಡ್‌ಸೆಟ್‌ನಲ್ಲಿ ಶಬ್ದ ಮಾತ್ರ ಬಂತು, ಚಿತ್ರ ಕಪ್ಪು. ಕೊಡೆಕ್ ಇನ್ನೂ ಎಚ್.264ನಲ್ಲೇ ಇತ್ತು. 2003ರಲ್ಲಿ ಬಂದ ಈ ಕೊಡೆಕ್‌ನ 5.2 ಹಂತದಲ್ಲಿ ಒಂದು ಫ್ರೇಮಿಗೆ ಇರಬಹುದಾದದ್ದು ಸುಮಾರು 94 ಲಕ್ಷ ಪಿಕ್ಸೆಲ್. 4096×2304ರಷ್ಟು. ನನ್ನ 5760×2880 ಅಂದರೇ 1 ಕೋಟಿ 66 ಲಕ್ಷ. 8192×4096 ಅಂದರೆ 3 ಕೋಟಿ 35 ಲಕ್ಷ ದಾಟುತ್ತದೆ. ಆ ಹಂತಕ್ಕೆ ತಕ್ಕಂತೆ ಮಾಡಿದ ಹೆಡ್‌ಸೆಟ್ ಚಿಪ್ ಅದನ್ನು ಬಿಚ್ಚಲಾರದು. 2013ರ ಎಚ್.265, ಅದನ್ನೇ ಎಚ್‌ಇವಿಸಿ ಅಂತಲೂ ಕರೆಯುತ್ತಾರೆ, ಇಷ್ಟು ದೊಡ್ಡ ಚಿತ್ರಕ್ಕೆ ಜಾಗ ಇಟ್ಟುಕೊಂಡೇ ಬಂದದ್ದು. ಅದರ 6.1 ಹಂತದಲ್ಲಿ 8192 ಅಗಲದ ಚಿತ್ರ ಸೆಕೆಂಡಿಗೆ 60 ಫ್ರೇಮ್ ಓಡಬಹುದು. 2018ರ ಎವಿ1 ಕೊಡೆಕ್ ಇನ್ನೂ ಚಿಕ್ಕ ಫೈಲು ಕೊಡುತ್ತದೆ, ಆದರೆ ಅದನ್ನು ಬಿಚ್ಚುವ ಚಿಪ್ ಹಳೆಯ ಹೆಡ್‌ಸೆಟ್‌ಗಳಲ್ಲಿ ಇಲ್ಲ. ಹಾಗಾಗಿ 4096ಕ್ಕಿಂತ ಅಗಲವಾದ ಯಾವುದಕ್ಕೂ ನಾನು ಈಗ ಎಚ್‌ಇವಿಸಿ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಎಚ್‌ಇವಿಸಿಗೆ ಬದಲಿಸಿ ಮತ್ತೆ 8192 ಅಗಲಕ್ಕೆ ತೆಗೆದೆ. ಚಿತ್ರ ಬಂತು. ಆದರೆ ಕ್ಯಾಮೆರಾದ 5760 ಅಳತೆಯ ಚಿತ್ರಕ್ಕಿಂತ ಡಯಲ್ ಒಂದು ಕೂದಲೆಳೆಯಷ್ಟೂ ಹೆಚ್ಚು ಸ್ಪಷ್ಟವಾಗಿರಲಿಲ್ಲ. ಹೇಗೆ ಆಗುತ್ತದೆ? ಕ್ಯಾಮೆರಾ ಕಾಣದ ಗೆರೆಯನ್ನು ಸಾಫ್ಟ್‌ವೇರ್ ಎಲ್ಲಿಂದ ತರಬೇಕು? ಇರುವ ಪಿಕ್ಸೆಲ್‌ಗಳನ್ನೇ ಹಿಗ್ಗಿಸಿ ನಡುವೆ ತುಂಬಿತ್ತು ಅಷ್ಟೆ. ಮೇಲಿಂದ ಹೆಡ್‌ಸೆಟ್ ಬಿಸಿಯಾಗಿ ಎರಡನೇ ನಿಮಿಷದಿಂದ ಚಿತ್ರ ತಡವರಿಸತೊಡಗಿತು. ಸೆರೆ ಹಿಡಿದ ಅಳತೆ ಯಾವುದೋ ಅದೇ ಅಳತೆಗೆ ಎಕ್ಸ್‌ಪೋರ್ಟ್ ಮಾಡಿ. ಹೆಡ್‌ಸೆಟ್ ತಡೆಯದಿದ್ದರೆ ಕಡಿಮೆ ಮಾಡಿ. ಹೆಚ್ಚು ಮಾಡಬೇಡಿ. ನಿಮ್ಮ ಪುಟದಲ್ಲಿ ದಯವಿಟ್ಟು ಈ ಒಂದು ತಿದ್ದುಪಡಿಯಾದರೂ ಬರಬೇಕು.

ಹಾಗಾದರೆ ಡಯಲ್ ಓದಿಸುವುದು ಹೇಗೆ? ಕ್ಯಾಮೆರಾವನ್ನು 30 ಸೆಂಟಿಮೀಟರ್‌ಗೆ ತಂದೆ. ಅಂಕಿಗೆ 9 ಪಿಕ್ಸೆಲ್ ಸಿಕ್ಕಿತು, ಓದಲು ಬಂತು. ಆದರೆ ನೋಡಿದವರೆಲ್ಲ ಒಂದು ನಿಮಿಷಕ್ಕೇ ಕಣ್ಣು ಉಜ್ಜಿಕೊಂಡರು. ಹೆಡ್‌ಸೆಟ್‌ನ ಲೆನ್ಸು ಕಣ್ಣಿನ ಫೋಕಸನ್ನು ಒಂದೆರಡು ಮೀಟರ್ ದೂರಕ್ಕೆ ಕಟ್ಟಿಹಾಕುತ್ತದೆ. ಚಿತ್ರ ಮಾತ್ರ ಮೂಗಿನ ಮುಂದೆ ಇದೆ ಅನ್ನುತ್ತದೆ. ಎರಡೂ ಕಣ್ಣು ಒಳಕ್ಕೆ ತಿರುಗಬೇಕು, ಫೋಕಸ್ ದೂರದಲ್ಲೇ ಇರಬೇಕು. ಈ ಎಳೆದಾಟ ಕಣ್ಣಿಗೆ ಒಗ್ಗುವುದಿಲ್ಲ. ಯಾವ ಎಕ್ಸ್‌ಪೋರ್ಟ್ ಸೆಟ್ಟಿಂಗೂ ಇದನ್ನು ಸರಿಮಾಡದು. ಕೊನೆಗೆ ಡಯಲನ್ನು ಸಾದಾ ಕ್ಯಾಮೆರಾದಲ್ಲಿ ಹತ್ತಿರದಿಂದ ಬೇರೆಯಾಗಿ ತೆಗೆದೆ. ಅದನ್ನು ವಿಆರ್ ಚಿತ್ರದೊಳಗೆ ಒಂದು ಫಲಕದ ಹಾಗೆ, ಸುಮಾರು ಒಂದೂವರೆ ಮೀಟರ್ ದೂರದಲ್ಲಿ, 30 ಡಿಗ್ರಿ ಅಗಲಕ್ಕೆ ಕೂರಿಸಿದೆ. ಅಷ್ಟು ಅಗಲದಲ್ಲಿ 480 ಪಿಕ್ಸೆಲ್ ಇರುತ್ತದೆ. ಫಲಕದ ತುಂಬ ಡಯಲ್‌ನ 40 ಮಿಲಿಮೀಟರ್ ಭಾಗ ಮಾತ್ರ. ಹಾಗೆ ಅಂಕಿಯೊಂದಕ್ಕೆ 36 ಪಿಕ್ಸೆಲ್ ಬಂತು. ಕೈ ಹ್ಯಾಂಡ್‌ವೀಲ್ ತಿರುಗಿಸುವುದು ಕೆಳಗೆ ಕಾಣುತ್ತದೆ, ಗೆರೆ ಸರಿಯುವುದು ಮೇಲೆ ಕಾಣುತ್ತದೆ.

ನಿಂತ ಚಕ್‌ನ ಕಥೆಗೆ ಬರುತ್ತೇನೆ. ಇದು ಬರೀ ಚಂದದ ಪ್ರಶ್ನೆ ಅಲ್ಲ, ಕೈ ಬೆರಳಿನ ಪ್ರಶ್ನೆ. 600 ಆರ್‌ಪಿಎಂ ಅಂದರೆ ಸೆಕೆಂಡಿಗೆ ಹತ್ತು ಸುತ್ತು. ನಮ್ಮದು ಮೂರು ಜಾ, ಅಂದರೆ ಲೋಹವನ್ನು ಕಚ್ಚಿ ಹಿಡಿಯುವ ಮೂರು ಹಲ್ಲು, ಇರುವ ಚಕ್. ಹತ್ತು ಸುತ್ತಿಗೆ ಮೂವತ್ತು ಜಾ ಒಂದೇ ಜಾಗವನ್ನು ದಾಟುತ್ತವೆ. ವಿಡಿಯೊ ಸೆಕೆಂಡಿಗೆ 30 ಫ್ರೇಮ್. ಪ್ರತಿ ಫ್ರೇಮಿನಲ್ಲೂ ಒಂದು ಜಾ ಸರಿಯಾಗಿ ಅದೇ ಜಾಗದಲ್ಲಿ. ಕಣ್ಣಿಗೆ ಚಕ್ ನಿಂತಿದೆ. ವೇಗ ಸರಿಯಾಗಿ 600 ಇಲ್ಲದೆ ಹತ್ತಿರ ಇದ್ದರೆ ಚಕ್ ಮೆಲ್ಲಗೆ ತೆವಳಿದ ಹಾಗೆ ಕಾಣುತ್ತದೆ. ಮಿನುಗುವ ಟ್ಯೂಬ್‌ಲೈಟ್ ಕೆಳಗೆ ತಿರುಗುವ ಮಷಿನ್ ನಿಂತಂತೆ ಕಾಣಬಹುದು ಅಂತ ನಾವು ಮೊದಲ ವಾರವೇ ಎಚ್ಚರಿಕೆ ಹೇಳುತ್ತೇವೆ. ಅದೇ ಮೋಸವನ್ನು ನಾನು ವಿಡಿಯೊದಲ್ಲಿ ತುಂಬಿ ಕೊಟ್ಟಿದ್ದೆ.

450 ಆರ್‌ಪಿಎಂಗೆ ಇಳಿಸಿ ನೋಡಿದೆ. 30 ಫ್ರೇಮಿನಲ್ಲಿ ಚಕ್ ಹಿಮ್ಮುಖವಾಗಿ ತಿರುಗಿತು! ಯಾಕೆಂದರೆ ಫ್ರೇಮಿಗೆ 90 ಡಿಗ್ರಿ ಮುಂದೆ ಹೋಗುತ್ತದೆ. ಮೂರು ಜಾ ಇರುವುದರಿಂದ ಒಂದೊಂದರ ನಡುವೆ ಇರುವುದು 120 ಡಿಗ್ರಿ. ಕಣ್ಣು ಅದನ್ನು 30 ಡಿಗ್ರಿ ಹಿಂದೆ ಬಂತು ಅಂತ ಓದುತ್ತದೆ. ಅದೇ ವೇಗವನ್ನು 60 ಫ್ರೇಮಿನಲ್ಲಿ ಹೊಸದಾಗಿ ಚಿತ್ರಿಸಿದೆ. ಈಗ ಫ್ರೇಮಿಗೆ 45 ಡಿಗ್ರಿ. ಚಕ್ ಮುಂದಕ್ಕೆ, ಸರಿಯಾದ ದಿಕ್ಕಿನಲ್ಲಿ ತಿರುಗಿತು. ಶಟರನ್ನೂ, ಅಂದರೆ ಒಂದೊಂದು ಫ್ರೇಮಿಗೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನೂ, ಬದಲಿಸಿದೆ. ಮೊದಲು ಸೆಕೆಂಡಿನ 500ನೇ ಒಂದು ಭಾಗ ಇತ್ತು. ಅಷ್ಟರಲ್ಲಿ 600 ಆರ್‌ಪಿಎಂ ಚಕ್ ಸರಿಯುವುದು 7 ಡಿಗ್ರಿ ಮಾತ್ರ. ಹಾಗಾಗಿ ಪ್ರತಿ ಜಾ ಕೆತ್ತಿದ ಹಾಗೆ ನಿಂತಿತ್ತು. 60ನೇ ಒಂದು ಭಾಗಕ್ಕೆ ಇಟ್ಟಾಗ ಜಾ ಬಳಿದ ಹಾಗೆ ಕಾಣುತ್ತದೆ, ತಿರುಗುತ್ತಿದೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಇಲ್ಲಿ ಒಂದು ಮಾತು. 30ರಲ್ಲಿ ತೆಗೆದದ್ದನ್ನು ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ 60 ಮಾಡಿದರೆ ಏನೂ ಬಾರದು. ಪ್ರತಿ ಫ್ರೇಮನ್ನು ಎರಡೆರಡು ಸಲ ತೋರಿಸುತ್ತದೆ, ಇಲ್ಲವೇ ಎರಡನ್ನು ಕಲಸಿ ನಡುವಿನದ್ದನ್ನು ಊಹಿಸುತ್ತದೆ. ಎಷ್ಟರಲ್ಲಿ ತೆಗೆದಿದ್ದೀರೋ ಅಷ್ಟರಲ್ಲೇ ಹೊರಗೆ ತನ್ನಿ.

ಹೆಡ್‌ಸೆಟ್ ಪರದೆಯ ವೇಗವನ್ನೂ ನೋಡಬೇಕು. ಪರದೆ ಸೆಕೆಂಡಿಗೆ 72 ಸಲ ಬದಲಾಗುವಾಗ 60 ಫ್ರೇಮ್ ಅದರೊಳಗೆ ಸಮನಾಗಿ ಕೂರದು. 90ರಲ್ಲೂ 60 ಕೂರದು, 30 ಕೂರುತ್ತದೆ. 120 ಅಥವಾ 60ಕ್ಕೆ ಇಟ್ಟರೆ ನನ್ನ ಪಾಠ ನುಣುಪಾಗಿ ಹೋಗುತ್ತದೆ. ಕೆಲವು ಪ್ಲೇಯರ್‌ಗಳು ಇದನ್ನು ತಾವೇ ಹೊಂದಿಸಿಕೊಳ್ಳುತ್ತವೆ, ಕೆಲವಕ್ಕೆ ಹೇಳಬೇಕು.

ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಡೇಟಾ ಅನ್ನುವುದು, ಅದರ ಬಗ್ಗೆ ನನ್ನ ಅನುಭವ ಹೇಳುತ್ತೇನೆ. 20 ಮೆಗಾಬಿಟ್‌ನಲ್ಲಿ ಟೂಲ್ ಲೋಹಕ್ಕೆ ತಾಗಿದ ಕೂಡಲೇ ಹಾರುವ ಚಿಪ್ಸ್, ಅಂದರೆ ಲೋಹದ ಚೂರುಗಳು, ಚೌಕ ಚೌಕವಾಗಿ ಒಡೆಯುತ್ತಿದ್ದವು. ತಂಪು ಮಾಡುವ ಕೂಲೆಂಟ್ ಹರಿಯುವ ಕಡೆ ಬೂದು ಕಲೆ. ಚಿಕ್ಕ ಪರದೆಯಲ್ಲಿ ಇದು ಕಾಣದು. ಹೆಡ್‌ಸೆಟ್‌ನಲ್ಲಿ ಭೂತಗನ್ನಡಿ ಹಿಡಿದ ಹಾಗೆ ಎದ್ದು ಕಾಣುತ್ತದೆ. ಇಪ್ಪತ್ತೇ ಸೆಕೆಂಡಿನ ಒಂದು ತುಣುಕು ಆರಿಸಿಕೊಂಡೆ. ಚಿಪ್ಸ್ ಹಾರಬೇಕು, ಚಕ್ ತಿರುಗಬೇಕು, ಹಿಂದೆ ಕತ್ತಲೆ ಗೋಡೆ ಇರಬೇಕು. ಇಡೀ ಪಾಠದಲ್ಲಿ ಅತಿ ಕಷ್ಟದ ಭಾಗ ಅದು. ಅದನ್ನು 40, 60, 100, 160 ಮೆಗಾಬಿಟ್‌ಗಳಲ್ಲಿ ಎಚ್‌ಇವಿಸಿಗೆ ತೆಗೆದೆ. ಫೈಲಿಗೆ ಸಂಖ್ಯೆ ಬರೆಯದೆ ಬಣ್ಣದ ಹೆಸರಿಟ್ಟೆ. ಮಕ್ಕಳಿಗೆ ತೋರಿಸಿ ಯಾವುದು ಚೆನ್ನಾಗಿದೆ ಅಂತ ಕೇಳಿದೆ. 40ನ್ನೂ 60ನ್ನೂ ಎಲ್ಲರೂ ಬೇರೆ ಮಾಡಿ ಹೇಳಿದರು. 60ಕ್ಕೂ 100ಕ್ಕೂ ಇರುವ ವ್ಯತ್ಯಾಸ ಚಿಪ್ಸ್‌ನಲ್ಲಿ ಮಾತ್ರ ಸಿಕ್ಕಿತು. 100ಕ್ಕೂ 160ಕ್ಕೂ ವ್ಯತ್ಯಾಸ ಯಾರಿಗೂ ಕಾಣಲಿಲ್ಲ. ನನ್ನ ದೃಶ್ಯಕ್ಕೆ 100 ಸಾಕು ಅಂತ ಆವತ್ತು ತೀರ್ಮಾನವಾಯಿತು. ನಿಮ್ಮ ದೃಶ್ಯ ಸುಮ್ಮನೆ ನಿಂತ ಕೋಣೆಯಾದರೆ ಇನ್ನೂ ಕಡಿಮೆ ಸಾಕಾದೀತು. ಎಲೆ ಅಲುಗುವ ಮರ, ನೀರಿನ ಅಲೆ ಆದರೆ ಜಾಸ್ತಿ ಬೇಕಾದೀತು. ಹಾಗಾಗಿ ಯಾರೋ ಹೇಳಿದ ಒಂದು ಸಂಖ್ಯೆಯನ್ನು ಕಣ್ಣು ಮುಚ್ಚಿ ಹಾಕಬೇಡಿ.

ಫೈಲಿನ ತೂಕವೂ ಲೆಕ್ಕಕ್ಕೆ ಬರುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಅಂದರೆ ನಿಮಿಷಕ್ಕೆ 750 ಮೆಗಾಬೈಟ್. ಆರು ನಿಮಿಷಕ್ಕೆ ನಾಲ್ಕೂವರೆ ಗಿಗಾಬೈಟ್. ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಜಾಗ ಖಾಲಿ ಇದ್ದರೂ ಹೋಗಲಿಲ್ಲ. ಪೆನ್‌ಡ್ರೈವ್ ಫಾರ್ಮ್ಯಾಟ್ ಆಗಿದ್ದ ಫ್ಯಾಟ್32 ಮಾದರಿಯಲ್ಲಿ ಒಂದು ಫೈಲು 4 ಗಿಗಾಬೈಟ್ ದಾಟುವಂತಿಲ್ಲ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿದ ಮೇಲೆ ಸರಿಹೋಯಿತು. ಕತ್ತಲೆ ಮೂಲೆಯಲ್ಲಿ ಹುಳ ಹರಿದ ಹಾಗೆ ಕಾಣುವ ನಾಯ್ಸ್ ಇದೆಯಲ್ಲ, ಅದು ಬಿಟ್‌ರೇಟನ್ನು ತಿಂದುಹಾಕುತ್ತದೆ. ಎಕ್ಸ್‌ಪೋರ್ಟ್‌ಗೆ ಮೊದಲೇ ಅದನ್ನು ತೆಗೆದರೆ ಉಳಿದ ಚಿತ್ರಕ್ಕೆ ಜಾಸ್ತಿ ಸಿಗುತ್ತದೆ. ನುಣುಪು ಗೋಡೆಯ ಮೇಲೆ ಪಟ್ಟೆ ಪಟ್ಟೆ ಬಂದರೆ ಬಣ್ಣಕ್ಕೆ 10 ಬಿಟ್ ಆರಿಸಿ. ಇನ್ನೊಂದು, ಶಾರ್ಪನಿಂಗ್ ಜಾಸ್ತಿ ಮಾಡಬೇಡಿ. ತಲೆ ಅಲುಗಿದಾಗಲೆಲ್ಲ ಅಂಚುಗಳು ಮಿಣಮಿಣ ಅನ್ನುತ್ತವೆ.

ಈಗ ನನ್ನನ್ನು ಅತಿ ಹೆಚ್ಚು ಕಾಡಿದ ತಪ್ಪು. ಒಂದು ದಿನ ಎಲ್ಲ ಸರಿಯಾಗಿದೆ ಅಂದುಕೊಂಡು ಪಾಠ ಹಾಕಿದೆ. ಚಕ್ ದುಂಡಗಿದೆ, ಚಿತ್ರ ಸ್ಪಷ್ಟ. ಆದರೂ ನೋಡಿದವರಿಗೆ ತಲೆನೋವು. ಏನು ತೊಂದರೆ ಅಂತ ಹೇಳಲು ಅವರಿಗೇ ಬರುತ್ತಿಲ್ಲ. ಒಬ್ಬ ಹುಡುಗ ಮಾತ್ರ, "ಮೇಡಂ, ಟೂಲು ಜಾಬ್‌ಗಿಂತ ಹಿಂದೆ ಹೋದ ಹಾಗೆ ಕಾಣುತ್ತೆ" ಅಂದ. ಜಾಬ್ ಅಂದರೆ ಕತ್ತರಿಸುತ್ತಿರುವ ಲೋಹದ ತುಂಡು. ಎಡಗಣ್ಣಿನ ಚಿತ್ರ ಬಲಗಣ್ಣಿಗೆ ಹೋಗುತ್ತಿತ್ತು. ಒಂದೇ ಸೆನ್ಸರ್ ಮೇಲೆ ಎರಡು ಲೆನ್ಸು ಕೂರುವ ಕ್ಯಾಮೆರಾಗಳಲ್ಲಿ ಎಡ ಲೆನ್ಸಿನ ಚಿತ್ರ ಫೈಲಿನ ಬಲಗಡೆ ಬೀಳುವುದುಂಟು. ಪರಿವರ್ತಿಸುವಾಗ ಅದಲು ಬದಲು ಮಾಡಿಕೊಳ್ಳಬೇಕು. ನಾನು ಆ ಒಂದು ಟಿಕ್ ಮರೆತಿದ್ದೆ. ಆಳ ಉಲ್ಟಾ ಆಯಿತು. ಹತ್ತಿರದ್ದು ದೂರ, ದೂರದ್ದು ಹತ್ತಿರ. ಟೂಲ್‌ನಿಂದ ಕೈ ಎಷ್ಟು ದೂರ ಇರಬೇಕು ಅಂತ ಕಲಿಸುವ ಪಾಠದಲ್ಲಿ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಆ ಫೈಲನ್ನು ಎಲ್ಲ ಹೆಡ್‌ಸೆಟ್‌ಗಳಿಂದಲೂ ಆವತ್ತೇ ಅಳಿಸಿದೆ.

ಇದನ್ನು ಪರೀಕ್ಷಿಸಲು ಹೆಡ್‌ಸೆಟ್ ಕೂಡ ಬೇಡ. ಫೈಲನ್ನು ಕಂಪ್ಯೂಟರ್‌ನಲ್ಲಿ ತೆರೆಯಿರಿ. ಎರಡು ಚಿತ್ರ ಪಕ್ಕಪಕ್ಕ ಕಾಣುತ್ತವೆ. ಹತ್ತಿರದ ಒಂದು ವಸ್ತು ಹಿಡಿಯಿರಿ, ನನಗೆ ಟೂಲನ್ನು ಹಿಡಿದಿಡುವ ಟೂಲ್ ಪೋಸ್ಟ್. ಹಿಂದಿನ ಗೋಡೆಗೆ ಹೋಲಿಸಿದರೆ ಎಡಗಡೆಯ ಚಿತ್ರದಲ್ಲಿ ಅದು ಸ್ವಲ್ಪ ಬಲಕ್ಕೆ ಸರಿದಿರಬೇಕು. ಎಡಕ್ಕೆ ಸರಿದಿದ್ದರೆ ಕಣ್ಣು ಅದಲು ಬದಲಾಗಿವೆ. ಮುಖದ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಯಾಕೆ ಅಂತ ತಿಳಿಯುತ್ತದೆ.

ಕೊನೆಗೆ ಫೈಲಿನ ಹೆಸರು. ಇದು 180 ಡಿಗ್ರಿಯದ್ದು, ಎಡ ಬಲ ಪಕ್ಕಪಕ್ಕ ಇದೆ ಅಂತ ಪ್ಲೇಯರ್‌ಗೆ ಯಾರಾದರೂ ಹೇಳಬೇಕಲ್ಲ. ಫೈಲಿನೊಳಗೆ ಮೆಟಾಡೇಟಾ, ಅಂದರೆ ವಿಡಿಯೊ ಬಗೆಗಿನ ಟಿಪ್ಪಣಿ, ಬರೆಯುವುದು ಒಂದು ದಾರಿ. ಎಡಿಟಿಂಗ್ ಸಾಫ್ಟ್‌ವೇರ್‌ನ ಎಕ್ಸ್‌ಪೋರ್ಟ್ ಪುಟದಲ್ಲಿ ಇದು ವಿಆರ್ ವಿಡಿಯೊ ಅನ್ನುವ ಟಿಕ್ ಇದ್ದರೆ ಹಾಕಿ. ಹೆಸರಿನ ಕೊನೆಗೆ 180 ಮತ್ತು ಎಲ್‌ಆರ್ ಅಂತ ಸೇರಿಸುವುದು ಇನ್ನೊಂದು ದಾರಿ, ಬಹಳ ಪ್ಲೇಯರ್‌ಗಳು ಅದನ್ನು ಓದಿಕೊಳ್ಳುತ್ತವೆ. ನಾನು ಎರಡನ್ನೂ ಮಾಡುತ್ತೇನೆ. ಮೆಸೇಜ್ ಆಪ್‌ನಲ್ಲಿ ಮಾತ್ರ ಫೈಲು ಕಳಿಸಬೇಡಿ. ಅದು ದಾರಿಯಲ್ಲಿ ಕುಗ್ಗುತ್ತದೆ, ಮೆಟಾಡೇಟಾವೂ ಉಳಿಯುವುದಿಲ್ಲ. ಶಬ್ದವನ್ನೂ ಕಡೆಗಣಿಸಬೇಡಿ. ಟೂಲ್ ಸಡಿಲವಿದ್ದರೆ ಲೇತ್ ಕಿರುಗುಟ್ಟುವುದು ಬೇರೆ ಥರ. ನಾನು ಅದನ್ನು ಕಿವಿಯಿಂದಲೇ ಕಲಿಸುವುದು. ಹಾಗಾಗಿ 48 ಕಿಲೋಹರ್ಟ್ಸ್, 320 ಕಿಲೋಬಿಟ್ ಇಡುತ್ತೇನೆ. 360 ಡಿಗ್ರಿ ವಿಡಿಯೊಗೆ ಸುತ್ತಲಿನ ಶಬ್ದ ಹಿಡಿಯುವ ಆಂಬಿಸೋನಿಕ್ ಮೈಕ್ ಬಳಸಿದವರು ನಾಲ್ಕು ಚಾನೆಲ್‌ಗಳೂ ಉಳಿದಿವೆಯೇ ನೋಡಿಕೊಳ್ಳಿ. ಎಷ್ಟೋ ಪ್ರಿಸೆಟ್‌ಗಳು ಅದನ್ನು ಎರಡಕ್ಕೆ ಇಳಿಸಿಬಿಡುತ್ತವೆ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಕ್ಯಾಮೆರಾ, ಹೆಡ್‌ಸೆಟ್ ಬಗ್ಗೆ ಬರೆಯುವಾಗ 4ಕೆ, 8ಕೆ ಅಂತ ನಿಲ್ಲಿಸಬೇಡಿ. ಪಕ್ಕದಲ್ಲೇ ಡಿಗ್ರಿಗೆ ಎಷ್ಟು ಪಿಕ್ಸೆಲ್ ಅನ್ನುವುದನ್ನೂ ಹಾಕಿ. ಆ ಒಂದು ಸಂಖ್ಯೆ ಸಿಕ್ಕರೆ ಓದುಗರು ಮಿಕ್ಕ ಲೆಕ್ಕ ತಾವೇ ಮಾಡಿಕೊಳ್ಳುತ್ತಾರೆ. ಎರಡನೆಯದು, ಹೆಡ್‌ಸೆಟ್ ಹಾಕಿ ನೋಡದೆ ಯಾವ ಸೆಟ್ಟಿಂಗನ್ನೂ ಒಳ್ಳೆಯದು ಅಂತ ಅಚ್ಚು ಹಾಕಬೇಡಿ. ವಿಡಿಯೊ ತಯಾರಿಸಿದವರ ಕಣ್ಣಿಗೆ ತಪ್ಪು ಕಾಣದು. ನಾನು ಸಾವಿರ ಸಲ ನೋಡಿದ ಡಯಲ್ ಅದು, ಅಂಕಿ ಅಳಿಸಿದ್ದರೂ ನನಗೆ ಓದಲು ಬರುತ್ತದೆ. ಹೊಸಬರಿಗೆ ಹಾಕಿಸಿ ಕೇಳಬೇಕು.

ಈಗ ಥ್ರೆಡ್ (ಬೋಲ್ಟಿನ ಮೇಲಿನಂಥ ಸುರುಳಿ ಗೆರೆ) ಕತ್ತರಿಸುವ ಪಾಠ ಶುರುವಾಗಿದೆ. ಟೂಲನ್ನು ಸಾಗಿಸಲು ಹಾಫ್ ನಟ್ ಲಿವರ್ ಒತ್ತುವ ಗಳಿಗೆಯಲ್ಲಿ, ಯಾವಾಗ ಒತ್ತಬೇಕು ಅಂತ ತೋರಿಸುವ ಥ್ರೆಡ್ ಡಯಲನ್ನೂ ಟೂಲ್ ತುದಿಯನ್ನೂ ಒಟ್ಟಿಗೆ ನೋಡಬೇಕು. ಎರಡರ ನಡುವೆ ಕತ್ತು ಬಹಳ ತಿರುಗಿಸಬೇಕಾಗುತ್ತದೆ. ಎರಡು ಫಲಕ ಹಾಕಿ ನೋಡಿದೆ, ಮಕ್ಕಳ ಕಣ್ಣು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿಲ್ಲ. ವಿಆರ್‌ನಲ್ಲಿ ಕೈಕೆಲಸ ಕಲಿಸುವ ಓದುಗರು ಯಾರಾದರೂ ಇದಕ್ಕೆ ದಾರಿ ಕಂಡುಕೊಂಡಿದ್ದರೆ ಇದೇ ಅಂಕಣಕ್ಕೆ ಬರೆಯಲಿ. ಅವರು ಬಳಸಿದ ರೆಸಲ್ಯೂಷನ್, ಫ್ರೇಮ್, ಬಿಟ್‌ರೇಟ್ ಮೂರನ್ನೂ ಮರೆಯದೆ ಬರೆಯಲಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಲೇತ್ ಕಲಿಸುವ ಶಿಕ್ಷಕಿ